ಎಚ್ಚರಗೊಳ್ಳದ ಗಣಕ

ನಿನ್ನೆ ಸಂಜೆಯವರೆಗೆ ಹೇಳಿದ ಕೆಲಸವನ್ನೆಲ್ಲ ಮಾಡಿಕೊಡುತ್ತಿದ್ದ ಗಣಕಯಂತ್ರ ಇಂದು ಬೆಳಿಗ್ಗೆ ಏಳುವುದಿಲ್ಲ. ರಾತ್ರಿ ಅದಕ್ಕೆ ಹೊಸ ಆಪರೇಟಿಂಗ್ ಸಿಸ್ಟಂ, ಎಂದರೆ ಯಂತ್ರದ ಅಂಗಾಂಗಗಳನ್ನೆಲ್ಲ ಆಳುವ ಕಾರ್ಯಾಚರಣ ವ್ಯವಸ್ಥೆ, ಬಂದಿದೆ. ನೂರಕ್ಕೆ ನೂರು ಮುಗಿಯಿತು ಎಂಬ ಅಂಕೆಯೂ ಪರದೆಯ ಮೇಲೆ ಮೂಡಿದೆ. ಆಮೇಲೆ ಯಂತ್ರ ತಾನಾಗಿ ಆರಿ, ತಾನಾಗಿ ಹೊತ್ತಿಕೊಂಡು, ಕಪ್ಪು ಪರದೆಯಲ್ಲಿ ಒಂದೇ ಒಂದು ಬಿಳಿಯ ಗೆರೆಯನ್ನು ಮಿಟುಕಿಸುತ್ತ ನಿಂತುಬಿಟ್ಟಿದೆ. ಒಳಗೆ ಫ್ಯಾನು ತಿರುಗುತ್ತಿದೆ, ದೀಪ ಉರಿಯುತ್ತಿದೆ, ಜೀವವಿದೆ, ಎಚ್ಚರವಿಲ್ಲ. ಇಂಥ ಹೊತ್ತಿನಲ್ಲಿ ಮನೆಯವರು ಕೇಳುವ ಪ್ರಶ್ನೆ ಒಂದೇ: "ಏನು ಕೆಟ್ಟುಹೋಯಿತು?" ಬಹಳ ಸಲ ಇದಕ್ಕೆ ಸರಿಯಾದ ಉತ್ತರ, ಏನೂ ಕೆಟ್ಟಿಲ್ಲ ಎಂಬುದು. ಯಂತ್ರ ದಾರಿ ತಪ್ಪಿದೆ, ಅಷ್ಟೆ. ಅದು ಯಾವ ದಾರಿ, ಅದನ್ನು ಹಾಕಿದವರು ಯಾರು, ತಪ್ಪಿದಾಗ ಹಿಂದಿನವರು ಅದನ್ನು ಹೇಗೆ ಹುಡುಕಿಕೊಂಡರು, ಈಗ ಹುಡುಕುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಈ ಭಾಷಣದ ವಿಷಯ.

ಗಣಕದ ನಿದ್ರೆ ನಮ್ಮ ನಿದ್ರೆಯಂಥದಲ್ಲ. ನಾವು ಎದ್ದಾಗ ನಮ್ಮ ಹೆಸರು ನಮಗೆ ನೆನಪಿರುತ್ತದೆ. ಗಣಕಕ್ಕಾದರೋ ವಿದ್ಯುತ್ತು ನಿಂತೊಡನೆ ಕೆಲಸದ ಸ್ಮೃತಿಯೆಲ್ಲ ಅಳಿಸಿಹೋಗುತ್ತದೆ. ಅದು ಮಾಡಬೇಕಾದುದೆಲ್ಲ ಡಿಸ್ಕಿನ ಮೇಲೋ ಟೇಪಿನ ಮೇಲೋ ಬರೆದಿರುತ್ತದೆ, ನಿಜ. ಆದರೆ ಆ ಡಿಸ್ಕನ್ನು ಓದುವುದು ಹೇಗೆ ಎಂಬುದೂ ಒಂದು ಪ್ರೋಗ್ರಾಂ. ಪ್ರೋಗ್ರಾಮನ್ನು ಓದಲು ಪ್ರೋಗ್ರಾಂ ಬೇಕು, ಅದನ್ನು ಓದಲು ಇನ್ನೊಂದು. ಬೀಜವೃಕ್ಷನ್ಯಾಯವೆಂದರೆ ಇದೇ. ಎಷ್ಟೇ ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರ ಎಂದು ನಮ್ಮ ತಾರ್ಕಿಕರು ಹೇಳುತ್ತಿದ್ದರು. ಪಾಶ್ಚಾತ್ಯರಲ್ಲಿ ಇದೇ ಅಸಂಭವವನ್ನು ಹೇಳುವ ಮಾತು, ಬೂಟಿನ ಹಿಂದಿರುವ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು. ಬೂಟ್‌ಸ್ಟ್ರ್ಯಾಪ್ ಎಂಬ ಆ ಮಾತು ಐವತ್ತರ ದಶಕದ ಆರಂಭದಲ್ಲಿ ಗಣಕದವರ ಭಾಷೆಗೆ ಬಂದು, ಸವೆದು ಸವೆದು 'ಬೂಟ್' ಆಗಿ, ಇಂದು ರಿಪೇರಿ ಅಂಗಡಿಯ ಹುಡುಗನ ಬಾಯಲ್ಲಿ "ಬೂಟ್ ಆಗ್ತಿಲ್ಲ ಸಾರ್" ಎಂದು ಕನ್ನಡವೂ ಆಗಿದೆ.

ಈ ಒಗಟನ್ನು ಮೊದಮೊದಲು ಮನುಷ್ಯನ ಬೆರಳುಗಳೇ ಬಿಡಿಸುತ್ತಿದ್ದವು. ೧೯೪೮ರ ಜೂನ್ ೨೧ರಂದು ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ, ಪ್ರೋಗ್ರಾಮನ್ನು ತನ್ನ ಸ್ಮೃತಿಯಲ್ಲೇ ಇಟ್ಟುಕೊಂಡು ನಡೆಯುವ ಮೊದಲ ವಿದ್ಯುನ್ಮಾನ ಗಣಕ ಕೆಲಸ ಮಾಡಿತು. 'ಬೇಬಿ' ಎಂದು ಅದರ ಮುದ್ದಿನ ಹೆಸರು. ಅದರ ಮೊದಲ ಪ್ರೋಗ್ರಾಮಿನಲ್ಲಿದ್ದುದು ೧೭ ಆದೇಶಗಳು. ಅವನ್ನು ಸ್ವಿಚ್ಚುಗಳ ಮೂಲಕ ಒಂದೊಂದಾಗಿ ಕೈಯಿಂದಲೇ ತುಂಬಿದರು. ಹದಿನೇಳಕ್ಕೆ ಇದು ನಡೆದೀತು, ಹದಿನೇಳು ನೂರಕ್ಕೆ ನಡೆಯದು.

ಮರುವರ್ಷ, ೧೯೪೯ರ ಮೇ ೬ರಂದು, ಕೇಂಬ್ರಿಜ್ಜಿನಲ್ಲಿ ಮಾರಿಸ್ ವಿಲ್ಕ್ಸ್ ಅವರ ನೇತೃತ್ವದಲ್ಲಿ ಕಟ್ಟಿದ ಎಡ್‌ಸ್ಯಾಕ್ ಯಂತ್ರ ಸೊನ್ನೆಯಿಂದ ೯೯ರವರೆಗಿನ ವರ್ಗಸಂಖ್ಯೆಗಳ ಪಟ್ಟಿಯನ್ನು ಅಚ್ಚುಹಾಕಿತು. ಅದರ ಸ್ಮೃತಿಯೆಂದರೆ ಪಾದರಸ ತುಂಬಿದ ಕೊಳವೆಗಳಲ್ಲಿ ಶಬ್ದದ ಅಲೆಗಳಾಗಿ ಸುತ್ತುತ್ತಿದ್ದ ಅಂಕೆಗಳು. ಯಂತ್ರ ನಿಂತರೆ ಅಲೆಯೂ ನಿಂತಿತು. ಅಲ್ಲಿ ಡೇವಿಡ್ ವೀಲರ್ ಎಂಬ ಸಂಶೋಧನ ವಿದ್ಯಾರ್ಥಿ ೩೧ ಆದೇಶಗಳ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಬಳಸುತ್ತಿದ್ದ ತಿರುಗುವ ಸ್ವಿಚ್ಚುಗಳ ಮೇಲೆ ಅದನ್ನು ತಂತಿಯಿಂದ ಕಾಯಂ ಆಗಿ ಹೆಣೆದರು. ಗುಂಡಿ ಒತ್ತಿದರೆ ಸ್ವಿಚ್ಚುಗಳು ತಿರುಗಿ, ಆ ೩೧ ಆದೇಶಗಳು ಖಾಲಿ ಸ್ಮೃತಿಯ ಮೊದಲ ಮನೆಗಳಲ್ಲಿ ಕೂರುತ್ತಿದ್ದವು. ಅವು ಮಾಡುತ್ತಿದ್ದುದು ಒಂದೇ ಕೆಲಸ: ತೂತು ಹೊಡೆದ ಕಾಗದದ ಸುರುಳಿಯನ್ನು ಓದಿ ದೊಡ್ಡ ಪ್ರೋಗ್ರಾಮನ್ನು ಒಳಗೆ ತರುವುದು. ಕಡಲ ದಂಡೆಯಲ್ಲಿ ಸುಮ್ಮನೆ ಕುಳಿತಿದ್ದ ಹನುಮಂತನಿಗೆ ಅವನ ಶಕ್ತಿಯನ್ನು ನೆನಪಿಸಲು ಒಬ್ಬ ಜಾಂಬವಂತ ಬೇಕಾಯಿತಷ್ಟೆ; ಹಾರುವ ಕೆಲಸ ಜಾಂಬವಂತನದಲ್ಲ. ವೀಲರರ ಆ ೩೧ ಆದೇಶಗಳು ಗಣಕದ ಚರಿತ್ರೆಯ ಮೊದಲ ಜಾಂಬವಂತ.

ಇನ್ನೊಂದು ಸಂಗತಿಯೂ ಆ ವರ್ಷವೇ ನಡೆಯಿತು. ೧೯೪೯ ಮುಗಿಯುವ ಮೊದಲೇ ವೀಲರ್ ತಮ್ಮ ಪ್ರೋಗ್ರಾಮನ್ನು ತಿದ್ದಿ ೪೧ ಆದೇಶಗಳ ಹೊಸ ಆವೃತ್ತಿ ತಂದರು. ಅದು ಎಲ್ಲ ರೀತಿಯಿಂದಲೂ ಹಿಂದಿನದಕ್ಕಿಂತ ಮೇಲು. ಆದರೆ ಹಳೆಯ ಆವೃತ್ತಿಯಲ್ಲಿ ಪ್ರತಿಯೊಂದು ಆದೇಶದ ಕೊನೆಗೆ 'ಎಸ್' ಅಥವಾ 'ಎಲ್' ಎಂಬ ಅಕ್ಷರ ಬರಬೇಕಿತ್ತು. ಹೊಸದರಲ್ಲಿ ಅದೇ ಜಾಗಕ್ಕೆ 'ಎಫ್' ಅಥವಾ 'ಡಿ'. ಹಾಗಾಗಿ ಹಿಂದೆ ತೂತು ಹೊಡೆದಿಟ್ಟಿದ್ದ ಸುರುಳಿಗಳನ್ನು ಹೊಸ ಆವೃತ್ತಿಗೆ ಹಾಗೆಯೇ ಉಣಿಸುವಂತಿರಲಿಲ್ಲ. ಯಂತ್ರ ಅದೇ, ಸುರುಳಿ ಅದೇ. ನಡುವೆ ನಿಂತ ದ್ವಾರಪಾಲಕನ ಭಾಷೆ ಮಾತ್ರ ಬದಲಾಯಿತು. ನಮ್ಮ ಕಪ್ಪು ಪರದೆಯ ತೊಂದರೆಯ ಬೀಜವೆಲ್ಲ ಇಲ್ಲಿಯೇ ಇದೆ. ಮುಂದಿನ ಎಪ್ಪತ್ತೈದು ವರ್ಷಗಳಲ್ಲಿ ಬದಲಾದುದು ಗಾತ್ರ.

ಅರವತ್ತರ ದಶಕವನ್ನು ಒಂದೆರಡು ಮಾತಿನಲ್ಲಿ ದಾಟಬಹುದು. ೧೯೬೪ರಲ್ಲಿ ಐಬಿಎಂ ಸಂಸ್ಥೆ ಪ್ರಕಟಿಸಿದ ಸಿಸ್ಟಂ ೩೬೦ ಯಂತ್ರಗಳಲ್ಲಿ ನಿರ್ವಾಹಕ ಮೂರು ತಿರುಗುಣಿಗಳನ್ನು ತಿರುಗಿಸಿ, ಯಾವ ಸಾಧನದಿಂದ ಏಳಬೇಕೆಂಬ ವಿಳಾಸವನ್ನು ಹೇಳಿ, 'ಲೋಡ್' ಗುಂಡಿಯನ್ನು ಒತ್ತಬೇಕಿತ್ತು. ಯಂತ್ರ ಆ ಸಾಧನದಿಂದ ಮೊದಲ ೨೪ ಬೈಟುಗಳನ್ನು ಓದಿಕೊಳ್ಳುತ್ತಿತ್ತು. ಉಳಿದುದೆಲ್ಲ ಆ ೨೪ರ ಹಿಂದೆ ಸಾಲುಗಟ್ಟಿ ಬರುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ಕೇಂದ್ರ ೧೯೭೦ರಲ್ಲಿ ಆರಂಭವಾದುದು ಇದೇ ವಂಶದ ೩೬೦/೪೪ ಯಂತ್ರದೊಂದಿಗೆ. ಅಂಥ ಯಂತ್ರಗಳ ಪಕ್ಕದಲ್ಲಿ ತಿಳಿದವರು ಯಾವಾಗಲೂ ಇರುತ್ತಿದ್ದರು. ಗಣಕ ಮನೆಗೆ ಬಂದ ಮೇಲೆ ಆ ತಿಳಿದವರು ಇಲ್ಲವಾದರು.

ಮನೆಗೆ ಬಂದ ಮೊದಲ ಗಣಕಗಳಲ್ಲಿ ಹೆಸರಾದದ್ದು ೧೯೭೫ರ ಆಲ್ಟೇರ್. ಅದಕ್ಕೆ ಕೀಲಿಮಣೆಯಿಲ್ಲ, ಪರದೆಯಿಲ್ಲ. ಮುಂದೆ ಒಂದು ಸಾಲು ಸ್ವಿಚ್ಚು, ಒಂದು ಸಾಲು ದೀಪ. ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಎಂಬ ಇಬ್ಬರು ತರುಣರು ಅದಕ್ಕಾಗಿ ಬೇಸಿಕ್ ಭಾಷೆಯನ್ನು ಸಿದ್ಧಪಡಿಸಿದ್ದರು. ಆದರೆ ಅವರ ಬಳಿ ಆಲ್ಟೇರ್ ಇರಲಿಲ್ಲ. ಹಾರ್ವರ್ಡಿನ ದೊಡ್ಡ ಗಣಕವೊಂದರಲ್ಲಿ ಅದರ ಅನುಕರಣೆಯನ್ನು ಕಟ್ಟಿಕೊಂಡು, ಆ ಅನುಕರಣೆಯ ಮೇಲೆಯೇ ಎಲ್ಲವನ್ನೂ ಪರೀಕ್ಷಿಸಿದ್ದರು. ಆಲೆನ್ ಕಾಗದದ ಸುರುಳಿಯನ್ನು ಹಿಡಿದು ಆಲ್ಬುಕರ್ಕಿಗೆ ವಿಮಾನದಲ್ಲಿ ಹೊರಟರು. ವಿಮಾನ ಇಳಿಯುವ ಹೊತ್ತಿಗೆ ಅವರಿಗೆ ಥಟ್ಟನೆ ಹೊಳೆಯಿತು: ಸುರುಳಿಯನ್ನು ಒಳಗೆ ಓದಿಕೊಳ್ಳುವ ಸಣ್ಣ ಪ್ರೋಗ್ರಾಮನ್ನೇ ಬರೆದಿಲ್ಲ! ಆಸನದಲ್ಲಿ ಕುಳಿತೇ ಅದನ್ನು ಯಂತ್ರಭಾಷೆಯಲ್ಲಿ ಕಾಗದದ ಮೇಲೆ ಬರೆದರು. ಮರುದಿನ ಅದನ್ನು ಸ್ವಿಚ್ಚುಗಳಿಂದ ತುಂಬಿ, ಸುರುಳಿಯನ್ನು ಓಡಿಸಿದಾಗ, ಯಂತ್ರ ಎರಡು ಕೂಡಿಸು ಎರಡಕ್ಕೆ ನಾಲ್ಕು ಎಂದು ಅಚ್ಚುಹಾಕಿತು. ಮೈಕ್ರೋಸಾಫ್ಟ್ ಸಂಸ್ಥೆಯ ಉದಯವನ್ನು ಹೇಳುವಾಗ ಈ ಪ್ರಸಂಗವನ್ನು ತಮಾಷೆಯಾಗಿ ಹೇಳುವುದುಂಟು. ನನಗೆ ಇದು ತಮಾಷೆಗಿಂತ ಹೆಚ್ಚಿನದಾಗಿ ತೋರುತ್ತದೆ. ಮನೆ ಕಟ್ಟಿದವರು ಹೊಸ್ತಿಲನ್ನು ಮರೆಯುವುದು ಈ ವಿದ್ಯೆಯ ಹುಟ್ಟುಗುಣವೇ ಇರಬೇಕು.

೧೯೮೧ರ ಆಗಸ್ಟ್ ೧೨ರಂದು ಐಬಿಎಂ ಪರ್ಸನಲ್ ಕಂಪ್ಯೂಟರ್ ಹೊರಬಂತು. ನಮ್ಮ ಮೇಜಿನ ಮೇಲಿನ ಬಹುಪಾಲು ಗಣಕಗಳ ಮೂಲಪುರುಷ ಇದೇ. ಇದರ ಏಳುವ ಕ್ರಮ ಹೀಗೆ. ವಿದ್ಯುತ್ತು ಬಂದೊಡನೆ ಸಂಸ್ಕಾರಕ ಚಿಪ್ಪು ಕಣ್ಣುಮುಚ್ಚಿಕೊಂಡು ಒಂದು ನಿಗದಿಯಾದ ವಿಳಾಸಕ್ಕೆ ಹೋಗುತ್ತದೆ. ಅಲ್ಲಿ, ಅಳಿಸಲಾಗದ ಸ್ಮೃತಿಯಲ್ಲಿ, ಬಯಾಸ್ ಎಂಬ ಪ್ರೋಗ್ರಾಂ ಕಾಯುತ್ತಿರುತ್ತದೆ. ಅದು ಯಂತ್ರದ ಕೈಕಾಲು ಮುಟ್ಟಿನೋಡಿ, ಎಲ್ಲ ಸರಿಯಿದ್ದರೆ ಒಮ್ಮೆ 'ಬೀಪ್' ಎನ್ನುತ್ತದೆ. ಅನಂತರ ಡಿಸ್ಕಿನ ಮೊಟ್ಟಮೊದಲ ತುಂಡನ್ನು, ಕೇವಲ ೫೧೨ ಬೈಟುಗಳನ್ನು, ಓದಿ ಸ್ಮೃತಿಯ ೩೧,೭೪೪ನೆಯ ಮನೆಯಲ್ಲಿಟ್ಟು, "ಇನ್ನು ನೀನುಂಟು" ಎಂದು ಕೈ ತೊಳೆದುಕೊಳ್ಳುತ್ತದೆ. ೧೯೮೩ರಲ್ಲಿ ಹಾರ್ಡ್ ಡಿಸ್ಕ್ ಬಂದಾಗ, ಡಿಸ್ಕಿನ ಹಂಚಿಕೆಯ ಲೆಕ್ಕವನ್ನೂ ಆ ೫೧೨ರಲ್ಲೇ ತುರುಕಿದರು. ಹಂಚಿಕೆಗೆ ೬೪, ಕೊನೆಯ ಮುದ್ರೆಗೆ ೨ ಕಳೆದರೆ ಉಳಿದದ್ದು ೪೪೬ ಬೈಟು. ಒಂದು ಅಂಚೆಕಾರ್ಡಿನ ಒಕ್ಕಣೆಯಷ್ಟು ಜಾಗ. ಎಷ್ಟೇ ದೊಡ್ಡ ವ್ಯವಸ್ಥೆಯಾದರೂ ಮೂವತ್ತು ವರ್ಷಗಳ ಕಾಲ ಈ ಸೂಜಿಯ ಕಣ್ಣಿನೊಳಗೇ ನುಸುಳಿ ಏಳಬೇಕಾಗಿತ್ತು.

ಅಂಚೆಕಾರ್ಡಿನಲ್ಲಿ ಹೆಚ್ಚು ಬರೆಯಲಾಗದು. ಹೆಚ್ಚೆಂದರೆ ಒಂದು ವಿಳಾಸ. ಮುಂದಿನ ಪ್ರೋಗ್ರಾಂ ಡಿಸ್ಕಿನ ಇಂಥ ಜಾಗದಲ್ಲಿದೆ, ಹೋಗಿ ನೋಡು ಎಂಬಷ್ಟು. ಆ ಮುಂದಿನದು ಅದರ ಮುಂದಿನದರ ವಿಳಾಸ ಹೇಳುತ್ತದೆ. ಹೀಗೆ ಮೂರೋ ನಾಲ್ಕೋ ಕೈ ದಾಟಿದ ಮೇಲೆ ವ್ಯವಸ್ಥೆಯ ತಿರುಳು, ಕರ್ನೆಲ್ ಎನ್ನುವುದು, ಎಚ್ಚರಗೊಳ್ಳುತ್ತದೆ. ವ್ಯವಸ್ಥೆಯನ್ನು ನವೀಕರಿಸುವುದೆಂದರೆ ಈ ಸಾಲಿನಲ್ಲಿ ಕೊನೆಯವನನ್ನೋ ನಡುವಿನವನನ್ನೋ ಬೇರೆ ಮನೆಗೆ ಕಳಿಸಿ ಹೊಸಬನನ್ನು ತಂದಿರಿಸುವುದು. ಹಿಂದಿನವನ ಕೈಯಲ್ಲಿರುವ ವಿಳಾಸವನ್ನು ತಿದ್ದಲು ಮರೆತರೆ, ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕ್ಷೇಮವಾಗಿರುವಾಗಲೂ, ಯಂತ್ರ ಏಳುವುದಿಲ್ಲ.

ಇದಕ್ಕೆ ನಾನು ಕಂಡಂತೆ ಅತ್ಯಂತ ಸ್ವಚ್ಛವಾದ ಉದಾಹರಣೆ ಲಿನಕ್ಸ್ ವ್ಯವಸ್ಥೆಯ ಹಳೆಯ ದ್ವಾರಪಾಲಕ ಲಿಲೋ. ವೆರ್ನರ್ ಆಲ್ಮೆಸ್‌ಬರ್ಗರ್ ತೊಂಬತ್ತರ ದಶಕದ ಆರಂಭದಲ್ಲಿ ಬರೆದದ್ದು. ಲಿಲೋಗೆ ಕಡತಗಳ ಹೆಸರು ಗೊತ್ತಿರಲಿಲ್ಲ. ಕರ್ನೆಲ್ ಡಿಸ್ಕಿನ ಯಾವ ಯಾವ ತುಂಡುಗಳಲ್ಲಿದೆ ಎಂಬ ಅಂಕೆಗಳ ಪಟ್ಟಿ ಮಾತ್ರ ಗೊತ್ತಿತ್ತು. ಹೊಸ ಕರ್ನೆಲನ್ನು ಅದೇ ಹೆಸರಿನಲ್ಲಿ ತಂದಿಟ್ಟರೆ ಮನುಷ್ಯನ ಕಣ್ಣಿಗೆ ಎಲ್ಲವೂ ಮೊದಲಿನಂತೆಯೇ ಕಾಣುತ್ತಿತ್ತು. ಡಿಸ್ಕಿನಲ್ಲಿ ಅದು ಕುಳಿತ ಜಾಗ ಬೇರೆ. ಪಟ್ಟಿಯನ್ನು ಹೊಸದಾಗಿ ಬರೆಸಲು 'ಲಿಲೋ' ಎಂಬ ಆಜ್ಞೆಯನ್ನು ಒಮ್ಮೆ ಕೊಡಬೇಕಿತ್ತು. ಮರೆತವರ ಗತಿ ವಿಚಿತ್ರವಾಗಿರುತ್ತಿತ್ತು. ಹಳೆಯ ಕರ್ನೆಲಿನ ಅವಶೇಷ ಹಳೆಯ ಜಾಗದಲ್ಲಿ ಅಳಿಯದೆ ಉಳಿದಿದ್ದರೆ ಯಂತ್ರ ಕೆಲವು ದಿನ ಅದರಿಂದಲೇ ಏಳುತ್ತಿತ್ತು. ಒಂದು ದಿನ ಬೇರಾವುದೋ ಕಡತ ಆ ಜಾಗವನ್ನು ಆಕ್ರಮಿಸಿದಾಗ, ನವೀಕರಣವೇ ಮರೆತುಹೋದ ಮೇಲೆ, ಥಟ್ಟನೆ ನಿಲ್ಲುತ್ತಿತ್ತು.

ಆದರೆ ಲಿಲೋದಲ್ಲಿ ಒಂದು ದೊಡ್ಡ ಗುಣವಿತ್ತು. ಅದು ಏಳುವಾಗ ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನು, ಎಲ್, ಐ, ಎಲ್, ಓ, ಒಂದೊಂದು ಹಂತ ದಾಟಿದಂತೆ ಒಂದೊಂದಾಗಿ ಪರದೆಯ ಮೇಲೆ ಬರೆಯುತ್ತಿತ್ತು. ಒಂದಕ್ಷರವೂ ಇಲ್ಲದಿದ್ದರೆ ಲಿಲೋವೇ ಬಂದಿಲ್ಲ. ದೋಷ ಅದಕ್ಕಿಂತ ಮೊದಲೇ ಇದೆ. ಮೊದಲ 'ಎಲ್' ಮೂಡಿ ನಿಂತರೆ, ಮೊದಲ ಭಾಗ ಎದ್ದಿದೆ, ಎರಡನೆಯದನ್ನು ತರಲಾರದಾಗಿದೆ. 'ಎಲ್ ಐ' ಎಂದು ನಿಂತರೆ ಎರಡನೆಯದು ಬಂದಿದೆ, ನಡೆಯುತ್ತಿಲ್ಲ. ಮೂರನೆಯ ಅಕ್ಷರಕ್ಕೆ ನಿಂತರೆ ವಿಳಾಸದ ಪಟ್ಟಿ ಓದಲಾಗುತ್ತಿಲ್ಲ. ನಾಲ್ಕೂ ಮೂಡಿದರೆ ಲಿಲೋದ ಕರ್ತವ್ಯ ಮುಗಿಯಿತು, ಮುಂದಿನ ದೋಷಕ್ಕೆ ಮುಂದಿನವರು ಹೊಣೆ. ನಾಡಿ ಹಿಡಿದು ನೋಡಿದಂತೆ! ರೋಗಿ ಎಲ್ಲಿ ನೋಯುತ್ತಿದೆಯೆಂದು ಹೇಳಿದರೆ ವೈದ್ಯನ ಅರ್ಧ ಕೆಲಸ ಮುಗಿದಂತೆಯೇ. ಮಿಕ್ಕ ಕೆಲಸಕ್ಕೆ ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಿ ಆ ಒಂದು ಆಜ್ಞೆಯನ್ನು ಕೊಟ್ಟರೆ ಸಾಕಾಗುತ್ತಿತ್ತು. ಹಳೆಯ ಕರ್ನೆಲನ್ನೂ ಪಟ್ಟಿಯಲ್ಲಿ ಎರಡನೆಯ ಹೆಸರಾಗಿ ಉಳಿಸಿಕೊಂಡಿದ್ದ ಜಾಣರಿಗೆ ಫ್ಲಾಪಿಯೂ ಬೇಕಾಗುತ್ತಿರಲಿಲ್ಲ. ಏನು ಕೆಟ್ಟಿತು ಎನ್ನುವುದಕ್ಕಿಂತ ಎಲ್ಲಿ ನಿಂತಿತು ಎಂದು ಕೇಳುವ ಅಭ್ಯಾಸವನ್ನು ಒಂದು ತಲೆಮಾರಿನ ತಂತ್ರಜ್ಞರಿಗೆ ಕಲಿಸಿದ್ದು ಆ ನಾಲ್ಕು ಅಕ್ಷರಗಳು.

ವಿಳಾಸ ತಪ್ಪುವುದು ಜಾಗ ಬದಲಾದಾಗ ಮಾತ್ರವಲ್ಲ, ಹೆಸರು ಬದಲಾದಾಗಲೂ. ೨೦೦೭ರ ಸುಮಾರಿಗೆ ಲಿನಕ್ಸ್ ಕರ್ನೆಲಿನಲ್ಲಿ ಡಿಸ್ಕುಗಳನ್ನು ನಡೆಸುವ ಭಾಗವನ್ನು ಹೊಸದಾಗಿ ಬರೆದರು. ಅಲ್ಲಿಯವರೆಗೆ 'ಎಚ್‌ಡಿಎ' ಎನಿಸಿಕೊಂಡಿದ್ದ ಡಿಸ್ಕು ಆ ವರ್ಷದ ಫೆಡೋರಾ ೭ರಲ್ಲಿ 'ಎಸ್‌ಡಿಎ' ಆಯಿತು. ಅದೇ ಡಿಸ್ಕು, ಅದೇ ತಂತಿ. ಹಳೆಯ ಹೆಸರನ್ನೇ ನೆಚ್ಚಿದ್ದ ಯಂತ್ರಗಳಲ್ಲಿ ಕರ್ನೆಲ್ ಸರಿಯಾಗಿ ಎದ್ದು, ತನ್ನ ಮನೆ ಕಾಣದೆ ಗಾಬರಿಗೊಂಡು ನಿಂತಿತು. ಬೆಂಗಳೂರಿನ ಸೌತ್ ಪೆರೇಡ್ ೧೯೪೮ರಲ್ಲಿ ಮಹಾತ್ಮಾ ಗಾಂಧಿ ರಸ್ತೆಯಾದಾಗ ಅಂಚೆಯವನು ಹಳೆಯ ವಿಳಾಸದ ಕಾಗದವನ್ನೂ ತಲುಪಿಸಿಯಾನು; ಅವನಿಗೆ ರಸ್ತೆ ಗೊತ್ತು. ಯಂತ್ರಕ್ಕೆ ಗೊತ್ತಿರುವುದು ಹೆಸರು ಮಾತ್ರ. ಆ ಮೇಲೆ ಡಿಸ್ಕುಗಳಿಗೆ ಎಂದೂ ಬದಲಾಗದ ಉದ್ದನೆಯ ಗುರುತು ಸಂಖ್ಯೆಗಳನ್ನು ಕೊಟ್ಟು ಅವುಗಳಿಂದಲೇ ಕರೆಯುವ ಪದ್ಧತಿ ಬಲವಾಯಿತು.

ವಿಂಡೋಸ್ ಕಡೆಯ ಕಥೆಯೂ ಇದೇ, ಭಾಷೆ ಬೇರೆ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ 'ಎಚ್‌ಎಎಲ್ ಡಿಎಲ್‌ಎಲ್' ಎಂಬ ಕಡತ ಕಾಣೆಯಾಗಿದೆ ಎಂಬ ಸಂದೇಶ ಕುಖ್ಯಾತವಾಗಿತ್ತು. ಎಷ್ಟೋ ಸಲ ಆ ಕಡತ ತನ್ನ ಜಾಗದಲ್ಲೇ ಇರುತ್ತಿತ್ತು. 'ಬೂಟ್ ಐಎನ್‌ಐ' ಎಂಬ ಪುಟ್ಟ ಪಟ್ಟಿಯಲ್ಲಿ ಡಿಸ್ಕಿನ ಹಂಚಿಕೆಗಳನ್ನು ಒಂದು, ಎರಡು ಎಂದು ಎಣಿಸಿ ಬರೆದಿರುತ್ತಿದ್ದರು. ಹೊಸ ಹಂಚಿಕೆಯೊಂದು ಸೇರಿ ಎಣಿಕೆ ಜಾರಿದರೆ ಯಂತ್ರ ಪಕ್ಕದ ಮನೆಯ ಬಾಗಿಲು ತಟ್ಟಿ, "ಇಲ್ಲಿ ಅಂಥವರು ಯಾರೂ ಇಲ್ಲವಂತೆ" ಎಂದು ವರದಿ ಮಾಡುತ್ತಿತ್ತು. ಒಂದು ಅಂಕೆ ತಿದ್ದಿದರೆ ಮುಗಿಯುವ ಕೆಲಸಕ್ಕೆ ಎಷ್ಟು ಮಂದಿ ಇಡೀ ವಿಂಡೋಸನ್ನು ಅಳಿಸಿ ಮತ್ತೆ ಹಾಕಿಸಿದರೋ! ಹಾಗೆಂದು ಆ ಸಂಸ್ಥೆ ಉಪಾಯಗಳನ್ನು ಯೋಚಿಸಲಿಲ್ಲವೆಂದಲ್ಲ. ೧೯೯೩ರ ಎಂಎಸ್-ಡಾಸ್ ೬ರಲ್ಲಿಯೇ, ಏಳುವಾಗ 'ಎಫ್ ೮' ಕೀಲಿಯನ್ನೊತ್ತಿ ಒಂದೊಂದು ಆಜ್ಞೆಗೂ ಹೌದು, ಅಲ್ಲ ಎನ್ನುವ ಅವಕಾಶವಿತ್ತು. ೧೯೯೫ರಲ್ಲಿ, ಅತ್ಯಗತ್ಯವಾದುದನ್ನು ಮಾತ್ರ ಎಬ್ಬಿಸುವ 'ಸೇಫ್ ಮೋಡ್' ಬಂತು. ೨೦೦೭ರ ವಿಸ್ಟಾದೊಂದಿಗೆ, ವ್ಯವಸ್ಥೆ ಏಳದಿದ್ದರೂ ತಾನು ಏಳಬಲ್ಲ ರಿಪೇರಿಯ ಕೋಣೆಯೊಂದು ಬಂತು. ಈಚಿನ ವಿಂಡೋಸ್, ದೊಡ್ಡ ನವೀಕರಣವಾದ ಮೇಲೆ ಹಳೆಯ ವ್ಯವಸ್ಥೆಯನ್ನು 'ವಿಂಡೋಸ್ ಓಲ್ಡ್' ಎಂಬ ಉಗ್ರಾಣದಲ್ಲಿ ಸಾಮಾನ್ಯವಾಗಿ ಹತ್ತು ದಿನ ಕಾಪಾಡುತ್ತದೆ. ಅಷ್ಟರಲ್ಲಿ ಬೇಡವೆನಿಸಿದರೆ ಹಿಂದಕ್ಕೆ ಹೋಗಬಹುದು. ಮೊದಲು ಈ ಗಡುವು ಒಂದು ತಿಂಗಳಿತ್ತು. ೨೦೧೬ರಲ್ಲಿ ಹತ್ತು ದಿನಕ್ಕೆ ಇಳಿಯಿತು. ಅವಸರದ ಲೋಕ.

ಇಷ್ಟೆಲ್ಲ ಬಾಗಿಲುಗಳಿದ್ದರೂ ನಮ್ಮ ಊರುಗಳ ರಿಪೇರಿ ಅಂಗಡಿಗಳಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದ ಔಷಧ ಒಂದೇ: "ಫಾರ್ಮ್ಯಾಟ್ ಮಾಡಿಬಿಡೋಣ ಸಾರ್." ಡಿಸ್ಕನ್ನು ಒರೆಸಿ ಹೊಸದಾಗಿ ಬರೆಯುವುದು. ಯಂತ್ರ ಎದ್ದೇಳುತ್ತದೆ, ಸಂಶಯವಿಲ್ಲ. ಆದರೆ ಒಬ್ಬ ಅಧ್ಯಾಪಕ ಇಪ್ಪತ್ತು ವರ್ಷ ಬೆರಳಚ್ಚು ಮಾಡಿಟ್ಟ ಟಿಪ್ಪಣಿಗಳೂ ಒಬ್ಬ ಲೇಖಕನ ಮುದ್ರಣವಾಗದ ಕಾದಂಬರಿಯೂ ಅದರೊಂದಿಗೆ ಹೋಗಬಹುದು. ಕನ್ನಡದವರಿಗೆ ಇಲ್ಲಿ ಒಂದು ವಿಶೇಷ ನಷ್ಟವೂ ಇತ್ತು. ಯೂನಿಕೋಡ್ ನೆಲೆಯೂರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಬರೆದ ಪುಟಗಳು ತಮ್ಮದೇ ಅಕ್ಷರಮಾಲೆಯನ್ನು ನೆಚ್ಚಿದ್ದವು. ಡಿಸ್ಕನ್ನು ಒರೆಸುವ ಮುನ್ನ ಕಡತಗಳನ್ನು ಬೇರೆಡೆಗೆ ತೆಗೆದಿಟ್ಟುಕೊಂಡ ಪುಣ್ಯವಂತರು ಕೂಡ, ಆ ಫಾಂಟುಗಳಿಲ್ಲದ ಹೊಸ ವ್ಯವಸ್ಥೆಯಲ್ಲಿ ಕಡತ ತೆರೆದಾಗ, ಕನ್ನಡದ ಬದಲು ರೋಮನ್ ಅಕ್ಷರಗಳ ಚಿಂದಿಯನ್ನು ಕಂಡು ಎದೆ ಒಡೆದುಕೊಂಡರು. ಕಡತ ಅಲ್ಲಿಯೂ ಕೆಟ್ಟಿರಲಿಲ್ಲ. ಏಳದ ಯಂತ್ರದ ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿದರೆ, ಇಲ್ಲವೇ ಪೆನ್‌ಡ್ರೈವಿನಲ್ಲಿರುವ ಲಿನಕ್ಸಿನಿಂದ ಯಂತ್ರವನ್ನು ಎಬ್ಬಿಸಿದರೆ, ಬರೆದಿಟ್ಟುದನ್ನೆಲ್ಲ ಹೆಚ್ಚಿನ ಸಲ ಹೊರಗೆ ತರಬಹುದಿತ್ತು. ಒರೆಸುವ ಮಾತು ಆಮೇಲೆ.

'ಬಹುದಿತ್ತು' ಎಂಬ ಭೂತಕಾಲವನ್ನು ಬೇಕೆಂದೇ ಬಳಸಿದ್ದೇನೆ. ಈ ಶತಮಾನದ ಎರಡನೆಯ ದಶಕದಲ್ಲಿ ಏಳುವ ದಾರಿಗೆ ಬೀಗಗಳು ಬಿದ್ದವು. ಬಯಾಸಿನ ಜಾಗಕ್ಕೆ ಯುಇಎಫ್‌ಐ ಎಂಬ ಹೊಸ ಕ್ರಮ ಬಂತು. ೨೦೧೨ರ ವಿಂಡೋಸ್ ೮ರೊಂದಿಗೆ 'ಸೆಕ್ಯೂರ್ ಬೂಟ್' ಮನೆಮನೆಗೆ ಬಂತು. ಏಳುವ ಸಾಲಿನಲ್ಲಿ ಪ್ರತಿಯೊಬ್ಬನೂ ಮುಂದಿನವನ ಮುದ್ರೆಯನ್ನು ಪರೀಕ್ಷಿಸಿಯೇ ದಾರಿ ಬಿಡಬೇಕು, ಮುದ್ರೆಯಿಲ್ಲದವನಿಗೆ ಪ್ರವೇಶವಿಲ್ಲ. ಜೊತೆಗೆ ಬಿಟ್‌ಲಾಕರ್ ಎಂಬ ಗೂಢಲೇಖನ, ಡಿಸ್ಕಿನಲ್ಲಿರುವುದನ್ನೆಲ್ಲ ಬೀಗ ಹಾಕಿಡುತ್ತದೆ. ಏಳುವ ಸಾಲಿನಲ್ಲಿ ಒಂದು ಕೂದಲು ಅತ್ತಿತ್ತ ಆದರೂ ಅದು ೪೮ ಅಂಕೆಗಳ ಒಂದು ಕೀಲಿಯನ್ನು ಕೇಳುತ್ತದೆ. ಇವು ಬೇಡದ ಬೀಗಗಳೆಂದು ನಾನು ಹೇಳಲಾರೆ. ವ್ಯವಸ್ಥೆ ಏಳುವ ಮೊದಲೇ ಒಳಹೊಕ್ಕು ಕೂರುವ ಕಳ್ಳ ಪ್ರೋಗ್ರಾಮುಗಳು ನಿಜವಾಗಿಯೂ ಇವೆ. ಕಳವಾದ ಗಣಕದಿಂದ ಒಡೆಯನ ಗುಟ್ಟುಗಳನ್ನೆಲ್ಲ ಓದಿಕೊಳ್ಳುವವರೂ ಇದ್ದಾರೆ. ಆದರೆ ಡಿಸ್ಕನ್ನು ಬಿಚ್ಚಿ ಇನ್ನೊಂದಕ್ಕೆ ಜೋಡಿಸುವ ಹಳೆಯ ಉಪಾಯ ಆ ೪೮ ಅಂಕೆಗಳಿಲ್ಲದವನಿಗೆ ಈಗ ಇಲ್ಲ. ತನ್ನ ಯಂತ್ರಕ್ಕೆ ಇಂಥ ಬೀಗವಿದೆಯೆಂಬುದೇ ಎಷ್ಟೋ ಒಡೆಯರಿಗೆ ಗೊತ್ತಾಗುವುದು ಅದು ಏಳದೆ ಹೋದ ದಿನ. ಕೀಲಿ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರಬಹುದು. ಖಾತೆಯ ಗುಪ್ತಪದ ಆ ಏಳದ ಯಂತ್ರದೊಳಗೇ ಇರಬಹುದು.

ಬೀಗವನ್ನು ಭದ್ರಪಡಿಸಲು ಹೋಗಿಯೇ ಬಾಗಿಲು ಸಿಕ್ಕಿಕೊಂಡ ಪ್ರಸಂಗಗಳೂ ನಡೆದಿವೆ. ೨೦೨೦ರ ಜುಲೈ ಕೊನೆಯಲ್ಲಿ ಲಿನಕ್ಸಿನ ಈಗಿನ ದ್ವಾರಪಾಲಕ ಗ್ರಬ್‌ನಲ್ಲಿ 'ಬೂಟ್‌ಹೋಲ್' ಎಂಬ ಬಿರುಕು ಪ್ರಕಟವಾಯಿತು. ಅದನ್ನು ಮುಚ್ಚಲೆಂದು ರೆಡ್ ಹ್ಯಾಟ್ ಸಂಸ್ಥೆ ಹೊರಡಿಸಿದ ತಿದ್ದುಪಡಿಯನ್ನು ಹಾಕಿಕೊಂಡ ಅನೇಕ ಯಂತ್ರಗಳು ಮರಳಿ ಏಳಲೇ ಇಲ್ಲ. ಸಂಸ್ಥೆ ಕೆಲವೇ ದಿನಗಳಲ್ಲಿ ತಿದ್ದುಪಡಿಗೆ ತಿದ್ದುಪಡಿ ಕೊಡಬೇಕಾಯಿತು.

೨೦೨೪ರ ಜುಲೈ ೧೯ ಎಲ್ಲರಿಗೂ ನೆನಪಿರಬೇಕು. ಅದು ಆಪರೇಟಿಂಗ್ ಸಿಸ್ಟಮಿನ ನವೀಕರಣವಾಗಿರಲಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ಕಾವಲು ತಂತ್ರಾಂಶದ ಒಂದು ಚಿಕ್ಕ ಕಡತ. ಆದರೆ ಆ ಕಾವಲುಗಾರ ವಿಂಡೋಸಿನ ತಿರುಳಿನ ಜೊತೆಯಲ್ಲೇ ಏಳುವವನಾದ್ದರಿಂದ ಅವನು ಎಡವಿದರೆ ಯಂತ್ರವೇ ಎಡವುತ್ತಿತ್ತು. ಹೊಸ ಕಡತ ೨೧ ವಿವರಗಳನ್ನು ನಿರೀಕ್ಷಿಸಿತು, ಪ್ರೋಗ್ರಾಂ ಒದಗಿಸಿದ್ದು ೨೦. ಇಪ್ಪತ್ತೊಂದನೆಯದನ್ನು ಹುಡುಕಿ ಇಲ್ಲದ ಜಾಗಕ್ಕೆ ಕೈ ಹಾಕಿ, ಮೈಕ್ರೋಸಾಫ್ಟಿನ ಅಂದಾಜಿನಂತೆ, ೮೫ ಲಕ್ಷ ಗಣಕಗಳು ಕುಸಿದವು. ಏಳುವುದು, ಕುಸಿಯುವುದು, ಮತ್ತೆ ಏಳುವುದು. ನಮ್ಮಲ್ಲಿ ಆಗ ಬೆಳಿಗ್ಗೆ ಒಂಬತ್ತೂವರೆ ಕಳೆದಿತ್ತು. ತಪ್ಪು ಕಡತವನ್ನು ಸಂಸ್ಥೆ ೭೮ ನಿಮಿಷಗಳಲ್ಲೇ ಹಿಂತೆಗೆದುಕೊಂಡಿತು. ಆದರೆ ಎಚ್ಚರವಿಲ್ಲದ ಯಂತ್ರಕ್ಕೆ ಆ ಸುದ್ದಿಯನ್ನು ಮುಟ್ಟಿಸುವುದು ಹೇಗೆ? ಒಬ್ಬ ಮನುಷ್ಯ ಒಂದೊಂದು ಯಂತ್ರದ ಮುಂದೆಯೂ ಹೋಗಿ ನಿಂತು, ಅದನ್ನು 'ಸೇಫ್ ಮೋಡ್'ನಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಕೈಯಿಂದ ಅಳಿಸಬೇಕಾಯಿತು. ಬಿಟ್‌ಲಾಕರ್ ಇದ್ದಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ೪೮ ಅಂಕೆ. ಕೆಲವು ಸಂಸ್ಥೆಗಳಲ್ಲಿ ಆ ಅಂಕೆಗಳ ಪಟ್ಟಿಯಿದ್ದ ಗಣಕವೂ ಕುಸಿದು ಕುಳಿತಿತ್ತು. ದೂರದ ಕೇಂದ್ರಗಳಲ್ಲಿರುವ ಯಂತ್ರಗಳನ್ನು ಆರಿಸಿ ಹೊತ್ತಿಸಿ ನೋಡಿ, ಬೇಕಿದ್ದರೆ ೧೫ ಸಲ, ಎಂದು ಮೈಕ್ರೋಸಾಫ್ಟ್ ಸಲಹೆ ಕೊಟ್ಟಿತು. ರೇಡಿಯೋ ಪೆಟ್ಟಿಗೆಯ ತಲೆಗೆ ಮೊಟಕುತ್ತಿದ್ದ ನಮ್ಮ ಹಿರಿಯರನ್ನು ಇನ್ನು ಮುಂದೆ ಯಾರೂ ನಗುವಂತಿಲ್ಲ. ಭಾರತದ ವಿಮಾನ ನಿಲ್ದಾಣಗಳಲ್ಲಿ ಆ ದಿನ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಿಂದ ಬರೆದುಕೊಟ್ಟರು.

ಆ ಗಲಭೆ ಅಡಗುವ ಮೊದಲೇ, ಆಗಸ್ಟ್ ೧೩ರಂದು, ಮೈಕ್ರೋಸಾಫ್ಟಿನ ಮಾಸಿಕ ನವೀಕರಣ ಬಂತು. ಹಳೆಯ, ಬಿರುಕುಬಿಟ್ಟ ದ್ವಾರಪಾಲಕರನ್ನು ಇನ್ನು ನಂಬಬೇಡ ಎಂಬ ಆಜ್ಞೆ ಅದರಲ್ಲಿತ್ತು. ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಂಡವರಿಗೆ ಇದು ಅನ್ವಯಿಸುವುದಿಲ್ಲವೆಂದು ಸಂಸ್ಥೆ ಹೇಳಿತ್ತು, ಅನ್ವಯಿಸಿತು. ಅಂಥ ಅನೇಕ ಯಂತ್ರಗಳಲ್ಲಿ ಲಿನಕ್ಸನ್ನು ಆರಿಸಿದೊಡನೆ, ಏನೋ ಗಂಭೀರವಾದ ತಪ್ಪಾಗಿದೆ ಎಂಬರ್ಥದ ಒಂದು ಸಾಲು ಮೂಡಿ ಯಂತ್ರ ಆರಿಹೋಗುತ್ತಿತ್ತು. ಲಿನಕ್ಸಿನ ಒಂದು ಅಕ್ಷರವೂ ಅಲುಗಿರಲಿಲ್ಲ. ಅದರ ಒಡೆಯ ಅದನ್ನು ನವೀಕರಿಸಿಯೂ ಇರಲಿಲ್ಲ. ಪಕ್ಕದ ಕೋಣೆಯವನು ಹೊಸ ಬೀಗ ಹಾಕಿಸಿದ್ದಕ್ಕೆ ಇವನ ಬಾಗಿಲು ಮುಚ್ಚಿತು.

ಬಾಗಿಲನ್ನು ಮತ್ತೆ ತೆರೆದವರು ಒಡೆಯರೇ. ಯಂತ್ರ ಹೊತ್ತಿಕೊಳ್ಳುವಾಗ ಅದರ ಆದಿಮ ಪಟ್ಟಿಗೆ ಹೋಗಿ ಸೆಕ್ಯೂರ್ ಬೂಟನ್ನು ಆರಿಸುವುದು, ಲಿನಕ್ಸನ್ನು ಎಬ್ಬಿಸುವುದು, ಒಂದು ಸಾಲಿನ ಆಜ್ಞೆಯಿಂದ ಆ ಹೊಸ ಕಟ್ಟಳೆಯನ್ನು ಅಳಿಸುವುದು, ಮತ್ತೆ ಬೀಗವನ್ನು ಹಾಕುವುದು. ಹತ್ತು ನಿಮಿಷದ ಕೆಲಸ. ಆರಿಸುವ ಆ ಸ್ವಿಚ್ಚು ಒಡೆಯನ ಕೈಗೆ ಸಿಗುವಂತಿದ್ದುದರಿಂದ ಇದು ಸಾಧ್ಯವಾಯಿತು. ಎಲ್ಲ ಯಂತ್ರಗಳಲ್ಲೂ ಅದು ಸಿಗಬೇಕೆಂಬ ನಿಯಮವೇನೂ ಇಲ್ಲ. ಮೈಕ್ರೋಸಾಫ್ಟಿನ ಕಡೆಯಿಂದ ಪೂರ್ಣ ಪರಿಹಾರ ಬಂದದ್ದು ೨೦೨೫ರ ಮೇ ೧೩ರ ನವೀಕರಣದಲ್ಲಿ, ಸರಿಯಾಗಿ ಒಂಬತ್ತು ತಿಂಗಳ ನಂತರ.